ಕುದಿನೀರಿನ ಕೈ, ಜರ್ಮನ್ ಪಾಠ

ಶಿಡ್ಲಘಟ್ಟ, ೧೯೯೪. ಬೆಳಗಿನ ಐದೂವರೆ. ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಅಜೀಜಾ ಬಿಸಿನೀರಿನ ಬೇಸಿನ್ನಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕುತ್ತಿದ್ದಾರೆ. ಬಾಯಿ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕುಳಿತ ಐವರು ನರ್ಸಿಂಗ್ ಹುಡುಗಿಯರ ಕಡೆಗಿದೆ. ಹೇಳಿಕೊಡುತ್ತಿರುವುದು ಜರ್ಮನ್. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

"'ಇಂಡಿಯಾದ' ಅನ್ನೋ ಮಾತಿಗೆ ಒಂದೊಂದ್ಕಡೆ ಒಂದೊಂದು ಬಾಲ. ಟೀ ಗಂಡು, ಇಂಡಿಷರ್ ಟೇ. ಹಾಲು ಹೆಣ್ಣು, ಇಂಡಿಷೆ ಮಿಲ್ಷ್. ಬ್ರೆಡ್ಡು ಎರಡೂ ಅಲ್ಲ, ಇಂಡಿಷಸ್ ಬ್ರೋಟ್. ಯಾಕೆ ಅಂತ ನನ್ನ ಕೇಳ್ಬೇಡಿ ಕಣ್ರಮ್ಮ."

"ಮುಂದೆ 'ಡೇರ್' ಬಂದ್ರೆ ಅಕ್ಕಾ?" ದಿಬ್ಬೂರಹಳ್ಳಿಯ ಲಕ್ಷ್ಮಿದೇವಮ್ಮ ಕೇಳುತ್ತಾಳೆ.

"ದೊಡ್ಡೋರು ಮುಂದೆ ನಿಂತು ಮಾತಾಡಿದ್ರೆ ಸೊಸೆ ಹಿಂದೆ ಸುಮ್ನಿರಲ್ವಾ? ಹಂಗೇ. ಗಂಡು ಅಂತ 'ಡೇರ್' ಹೇಳಾಯ್ತಲ್ಲ, ಡೇರ್ ಇಂಡಿಷೆ ಟೇ. 'ರ್' ಬಾಲ ಬೇಡ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಜೀಜಾಗೆ ಈ ಭಾಷೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ೧೯೮೧ರಲ್ಲಿ ರೇಷ್ಮೆ ಅಧ್ಯಯನಕ್ಕೆಂದು ಬಂದ ಜರ್ಮನ್ ಮಹಿಳೆಯೊಬ್ಬರಿಗೆ ಮೂರು ವರ್ಷ ಅಡುಗೆ ಮಾಡಿಹಾಕಿ, ಉಪ್ಪು ಸಕ್ಕರೆಯ ಡಬ್ಬಿಗಳ ಮೇಲಿನ ಚೀಟಿಯಿಂದಲೇ ಕಲಿತರು. ಇವರ ಬಳಿ ಕಲಿತ ಇಬ್ಬರು ಹುಡುಗಿಯರು ಈಗ ಜರ್ಮನಿಯ ಆಸ್ಪತ್ರೆಗಳಲ್ಲಿದ್ದಾರೆ. ಅಜೀಜಾ ಜರ್ಮನ್ ಪರೀಕ್ಷೆ ಪಾಸಾಗಿ ಬಂದರೆ ಪಾಠ ಹೇಳಲು ಇಟ್ಟುಕೊಳ್ಳುತ್ತೇವೆಂದು ಚಿಕ್ಕಬಳ್ಳಾಪುರದ ನರ್ಸಿಂಗ್ ಶಾಲೆಯೊಂದು ಹೇಳಿದೆ. ಆದರೆ ಆ ಪಾಸೇ ಕೈಗೆ ಹತ್ತುತ್ತಿಲ್ಲ.

ಎರಡು ಸಲ ಬೆಂಗಳೂರಿಗೆ ಹೋಗಿ ಬರೆದರು, ಎರಡು ಸಲವೂ ಫೇಲು. ಹದಿಮೂರನೇ ವಯಸ್ಸಿನಿಂದ ಕುದಿನೀರಲ್ಲಿ ನೆಂದ ಬೆರಳುಗಳು ಬೆಳ್ಳಗೆ ಬಿರಿದಿವೆ. ಪೆನ್ನು ಹಿಡಿದರೆ ಚರ್ಮ ಸುಲಿದು ರಸ ಒಸರಿ ಹಾಳೆ ಒದ್ದೆಯಾಗುತ್ತದೆ. "ಬಾಯಲ್ಲಿ ಎಲ್ಲಾ ಐತೆ ಕಣ್ರಮ್ಮ, ಕೈಗೇ ಬರಲ್ಲ," ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಮೂರನೇ ಸಲ ಬರೆಯುವ ಮೊದಲು ಬೆರಳು ಮಾಯಲು ಇಪ್ಪತ್ತು ದಿನವಾದರೂ ಬೇಕು. ಅಷ್ಟು ದಿನ ಬೇಸಿನ್ ಬಿಟ್ಟರೆ ಆ ಜಾಗ ಬೇರೆಯವರ ಪಾಲು, ಇಲ್ಲಿನ ಪದ್ಧತಿಯೇ ಹಾಗೆ. ಹೀಗೆಂದು ತಿಳಿದ ಪಕ್ಕದ ಬೇಸಿನ್ನಿನ ಮಹಮೂದಾ ಉಳಿದ ಹೆಂಗಸರನ್ನು ಕೂಡಿಸಿ ಸರದಿ ಹಾಕಿದ್ದಾರೆ. ದಿನಕ್ಕೊಬ್ಬರು ಹೆಚ್ಚುವರಿ ದುಡಿದು ಜಾಗ ಉಳಿಸುತ್ತಾರೆ. "ನಾಳೆಯಿಂದ ಈ ಕಡೆ ಬಂದ್ರೆ ನೋಡಿ ಆಪಾ. ಮನೇಲಿ ಪಾತ್ರೆನೂ ನಿಮ್ಮನೆಯವ್ರು, ಭಾಯಿಜಾನೇ ತೊಳೀಲಿ," ಎಂದು ಮಹಮೂದಾ ಗದರುತ್ತಾರೆ. ಅಜೀಜಾ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಲಕ್ಷ್ಮಿದೇವಮ್ಮ ಅಜೀಜಾರ ಪರೀಕ್ಷೆಯ ಅರ್ಜಿ ತುಂಬುತ್ತಿದ್ದಾಳೆ. "ಅಕ್ಕಾ, ಉದ್ಯೋಗ ಅಂತ ಐತೆ. ಟೀಚರ್ ಅಂತ ಬರೀಲಾ?"

ಅಜೀಜಾ ಸಿಕ್ಕ ಎಳೆಯನ್ನು ರಾಟೆಗೆ ಕೊಡುತ್ತಾರೆ.

"ನೂಲು ತೆಗೆಯೋಳು, ರೀಲರ್ ಅಂತ ಬರಿಯಮ್ಮ. ಇನ್ನೊಂದನ್ನ ಪಾಸಾದ್ ಮೇಲೆ ನಾನೇ ಬರೀತೀನಿ, ನನ್ನ ಕೈಯಾರೆ."