ಸಂಡೂರಿನಲ್ಲಿ ಬೇಡವೆಂದ ಬಂದೂಕು

ಸೈನ್ಯದಿಂದ ನಿವೃತ್ತನಾಗಿ ನಮ್ಮೂರು ಗಾದಿಗನೂರಿಗೆ ಬಂದ ಮೇಲೆ, ಹೊಸಪೇಟೆಯಲ್ಲಿ ಬ್ಯಾಂಕಿನ ಹಣ ಸಾಗಿಸುವ ವ್ಯಾನಿಗೆ ಗನ್‌ಮ್ಯಾನ್ ಬೇಕಾಗಿದ್ದಾನೆಂದು ಗೊತ್ತಾಯಿತು. ಬಂದೂಕು ಮಾತ್ರ ನಮ್ಮದೇ ಇರಬೇಕು. ಲೈಸೆನ್ಸ್ ನನ್ನ ಹತ್ತಿರವಿತ್ತು. ಸಂಡೂರಿನಲ್ಲಿ ಅದಿರು ಲಾರಿಗಳ ಮಾಲೀಕರೊಬ್ಬರು ತಮ್ಮ ಸೆಮಿ ಆಟೊಮ್ಯಾಟಿಕ್ ಬಂದೂಕು ಮಾರುತ್ತಾರೆಂದು ಕೇಳಿ, ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಬಾಗಿಲಲ್ಲೇ ಅವರು ನನ್ನ ಊರು ಕೇಳಿದರು. ಆಮೇಲೆ ಯಾವ ಕೇರಿ ಎಂದು ಕೇಳಿದರು. ಹೇಳಿದೆ. ಒಳಗೆ ಕರೆಯಲು ಎತ್ತಿದ್ದ ಕೈ ಮೆಟ್ಟಿಲಿನ ಕಡೆ ತಿರುಗಿತು.

"ಅಲ್ಲೇ ಕುಂದ್ರು. ತರ್ತೀನಿ."

ಬಂದೂಕು ಕೈಗೆ ಬಂದ ಕೂಡಲೇ ತೋಟಾ ಒಳಗೆ ದೂಡುವ ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ತೋಟಾ ಇಲ್ಲವೆಂದು ಖಚಿತಮಾಡಿಕೊಂಡೆ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ತುಕ್ಕಿಲ್ಲ, ಉಬ್ಬಿಲ್ಲ. ಅಂಥ ನಳಿಗೆಯನ್ನು ನಾನು ಬಿಟ್ಟುಬರುವವನಲ್ಲ. ಮತ್ತೆ ಜೋಡಿಸಿ ಬೋಲ್ಟ್ ಬಿಟ್ಟೆ. ಟಪ್ಪನೆ ಮುಚ್ಚಿಕೊಳ್ಳಬೇಕಾದದ್ದು ಅರ್ಧಕ್ಕೇ ನಿಂತಿತು.

"ಸ್ಪ್ರಿಂಗ್ ಸತ್ತೈತ್ರಿ. ಎರಡನೇ ತೋಟಾನೇ ಸಿಕ್ಕೊಂತೈತಿ."

"ನಿಂಗೇನ್ ಗೊತ್ತಲೇ? ಐದೂ ತೋಟಾ ಒಂದ ದಮ್ಮಿಗೆ ಹೊಡದೀನಿ ನಾನು."

"ಮದ್ದಿಲ್ಲದ ಡಮ್ಮಿ ತೋಟಾ ತಂದೀನ್ರಿ. ಹಾಕಿ ನೋಡ್ಲೇನ್ರಿ?"

"ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು? ಯಾರ್ಯಾರಿಗೋ ಲೈಸೆನ್ಸ್ ಕೊಡಾಕತ್ಯಾರ, ಅದಕ್ಕ ಹಿಂಗ."

"ಬ್ಯಾಡ್ರಿ" ಎಂದು ಬಂದೂಕು ಹಿಂದಿರುಗಿಸಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು, ನಾನು ಹಿಡಿದಿದ್ದ ಜಾಗವನ್ನೆಲ್ಲ ಒರೆಸತೊಡಗಿದರು. ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೂ ಒರೆಸಿದರು.

"ಚೆಂದಾಗಿ ಒರೆಸ್ರಿ. ಒಳಗೂ ಮುಟ್ಟೀನಿ," ಎಂದೆ.

"ನಡೀಲೇ ಹೊರಗ!"

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. "ಸ್ಪ್ರಿಂಗ್ ಬ್ಯಾರೇದು ಹಾಕ್ಸಾಕ ಬರ್ತಿದ್ದಿಲ್ಲೇನು?"

"ಬರ್ತಿತ್ತು."

"ಮತ್ತ?"

ನಾನು ಊಟಕ್ಕೆ ಕುಳಿತೆ. ಅವಳು ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋದಳು. ಕೊಳ್ಳಬಹುದಾದ ಬಂದೂಕೇ ಅದು. ಹೊಸಪೇಟೆಯ ರಿಪೇರಿಯವನು ಅರ್ಧ ದಿನದಲ್ಲಿ ಸರಿಮಾಡುತ್ತಿದ್ದ. ಆ ಮನುಷ್ಯನಿಂದ ಕೊಳ್ಳಲು ಮಾತ್ರ ನನ್ನಿಂದಾಗಲಿಲ್ಲ.

ವ್ಯಾನಿನ ಕೆಲಸ ಬೇರೆಯವನಿಗೆ ಹೋಯಿತು. ನಾಲ್ಕು ತಿಂಗಳು ಕಾರ್ಖಾನೆಯೊಂದರ ಗೇಟಿನಲ್ಲಿ ಲಾಠಿ ಹಿಡಿದು ನಿಂತೆ. ಆಮೇಲೆ ತುಂಗಭದ್ರಾ ಡ್ಯಾಂನ ನಿವೃತ್ತ ನೌಕರರೊಬ್ಬರಿಂದ ಹಳೆಯ ಜೋಡುನಳಿಗೆ ಬಂದೂಕು ಸಿಕ್ಕಿತು, ಇನ್ನೊಂದು ವ್ಯಾನಿನಲ್ಲಿ ಕೆಲಸವೂ ಸಿಕ್ಕಿತು. ಮನೆಗೆ ತಂದ ದಿನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು.

"ಈ ಹಳೇದಕ್ಕ ನಾಕು ತಿಂಗಳು ಕಾದಿರೇನ್ರಿ?" ಎಂದು ಗೋಡೆಗೆ ಒರಗಿಸಿಟ್ಟಳು.