ಸಾರಿನ ಪುಡಿಯ ಅಜ್ಜಿ

ಅಕ್ಕನನ್ನು ಮದುವೆಗೆ ಕೇಳಿಕೊಂಡು ಬಂದ ಒಬ್ಬ ಒಳ್ಳೆಯ ಮನುಷ್ಯನಿಗೆ, ಅವಳನ್ನು ಒಂದು ಮಾತೂ ಕೇಳದೆ, "ಅಕ್ಕನಿಗೆ ಇಷ್ಟವಿಲ್ಲ" ಎಂದು ಹೇಳಿ ಕಳಿಸಿದವನು ನಾನು. ಕಾರಣ — ಸಾರಿನ ಪುಡಿ. ನಗು ಬಂದರೆ ನಗಿ. ನನಗೂ ಎಷ್ಟೋ ಸಲ ಬಂದಿದೆ, ಅರ್ಧಕ್ಕೇ ನಿಂತಿದೆ.

ನಾನು ಓದಿದ್ದು ಏಳನೇ ಕ್ಲಾಸು. ಶಿವಮೊಗ್ಗದ ಕೋಟೆ ಹತ್ತಿರ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಐದು ವರ್ಷದ ಹಿಂದೆ, ಜೊತೆಗೆ ಸಾರಿನ ಪುಡಿಯನ್ನೂ ಮಾಡಿ ಮಾರೋಣ ಎಂದು, ಪ್ಯಾಕೆಟ್ಟಿನ ಮೇಲೆ 'ಅಕ್ಕನ ಸಾರಿನ ಪುಡಿ' ಅಂತ ಹಾಕಿಸಲು ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನವನು ಕನ್ನಡಕ ಮೇಲೆತ್ತಿ ನೋಡಿದ.

"ಅಕ್ಕ ಅಂದ್ರೆ ಯಾರು ತಗೋತಾರೆ ಮಾರಾಯ? ಅಜ್ಜಿ ಅನ್ನು. ಅಜ್ಜಿ ಓಡುತ್ತೆ."

ನಮ್ಮ ಇಬ್ಬರು ಅಜ್ಜಿಯರೂ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಒಂದು ಫೋಟೋ ಕೂಡ ಇಲ್ಲ. ಇದ್ದದ್ದು ಅಕ್ಕ — ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬ್ಲೌಸ್ ಹೊಲಿಯುವವಳು, ವಯಸ್ಸಿನಲ್ಲಿ ಬಂದ ಮೂರು ಗಂಡುಗಳನ್ನು ತಾನೇ ಬೇಡ ಅಂದವಳು. ಮೂವತ್ತಕ್ಕೇ ತಲೆ ಬೆಳ್ಳಗಾಗಿತ್ತು, ಡೈ ಹಚ್ಚುತ್ತಿದ್ದಳು. ಒಂದೆರಡು ತಿಂಗಳು ಡೈ ಬಿಡಿಸಿ, ಅಮ್ಮನ ಹಳೇ ಸೀರೆ ಉಡಿಸಿ ಫೋಟೋ ತೆಗೆಸಿದೆ. ಉಳಿದ ಕಪ್ಪನ್ನು ಪ್ರೆಸ್ಸಿನವನು ಕಂಪ್ಯೂಟರಿನಲ್ಲಿ ಅಳಿಸಿ, ಸುಕ್ಕು ಸೇರಿಸಿದ. ಕೆಳಗೆ — 'ಎಂಬತ್ತರ ಅಜ್ಜಿಯ ಕೈರುಚಿ'.

ಅಕ್ಕ ಆ ಪ್ಯಾಕೆಟ್ಟಿನಿಂದಲೇ ನನ್ನ ತಲೆಗೆ ಒಂದು ಕೊಟ್ಟಳು. "ನಲವತ್ತೈದಕ್ಕೆ ಎಂಬತ್ತು ಮಾಡಿದ್ಯಲ್ಲೋ. ನನ್ನ ನೀರು ಸಾರು ಉಂಡವರು ಯಾರಾದ್ರೂ ಇದನ್ನ ನೋಡಿದ್ರೆ ನಿನ್ನ ವ್ಯಾಪಾರ ಮುಗೀತು ನೋಡು."

ಯಾರಿಗೇನು ನಷ್ಟ ಅಂದುಕೊಂಡೆ. ಪಕ್ಕದ ಅಂಗಡಿಯ ಎಣ್ಣೆ ಡಬ್ಬಿಯ ಮೇಲೆ ಎತ್ತು ಗಾಣ ಸುತ್ತುತ್ತಿತ್ತು. ಆ ಅಂಗಡಿಯವನಿಗೆ ಎತ್ತೂ ಇಲ್ಲ, ಗಾಣವೂ ಇಲ್ಲ. ನನ್ನ ಪುಡಿಯಲ್ಲಿ ಕಲಬೆರಕೆ ಇರಲಿಲ್ಲ. ಆದರೆ ಜನ ಫೋನ್ ಮಾಡಿ ಅಜ್ಜಿಗೆ ಕೊಡಿ ಎನ್ನುತ್ತಿದ್ದರು. ಪೂಜೆಗೆ ಕೂತಿದ್ದಾರೆ ಎನ್ನುತ್ತಿದ್ದೆ. ನಮ್ಮ ಅಜ್ಜಿಯಷ್ಟು ಹೊತ್ತು ಪೂಜೆ ಮಾಡಿದವರು ಈ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಆ ಅಜ್ಜಿಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಬಸವರಾಜಣ್ಣ. ಶಂಕರಘಟ್ಟದಲ್ಲಿ ಸಣ್ಣ ಹೋಟೆಲು, ಹೆಂಡತಿ ತೀರಿಕೊಂಡು ಬಹಳ ವರ್ಷ. ಪ್ಯಾಕೆಟ್ಟಿನ ಚಿತ್ರ ಕತ್ತರಿಸಿ ಗಲ್ಲಾದ ಮೇಲೆ ದೇವರ ಪಟದ ಪಕ್ಕ ಅಂಟಿಸಿದ್ದರು. ನಾಲ್ಕು ವರ್ಷದ ಹಿಂದೆ ಪುಡಿ ಒಯ್ಯಲು ಗಿರಣಿಗೆ ಬಂದಾಗ, ಪ್ಯಾಕೆಟ್ ಕಟ್ಟಲು ಆಗಾಗ ಬರುತ್ತಿದ್ದ ಅಕ್ಕನೂ ಇದ್ದಳು, ಡೈ ಹಚ್ಚಿ ತಲೆ ಮತ್ತೆ ಕಪ್ಪಗೆ.

"ಇವರನ್ನ ಎಲ್ಲೋ ನೋಡಿದ ಹಾಗಿದೆಯಲ್ಲ" ಅಂದರು.

"ಅಜ್ಜಿ ಹೋಲಿಕೆ" ಅಂದೆ ನಾನು.

"ಅಜ್ಜಿ ನನಗಿಂತ ಚೆಂದ" ಅಂದಳು ಅಕ್ಕ. ಅವರು ನಕ್ಕರು. ಇವಳು ಬೇರೆ ಕಾರಣಕ್ಕೆ ಇನ್ನೂ ಜೋರಾಗಿ ನಕ್ಕಳು.

ಆಮೇಲೆ ಅಕ್ಕ ಬರುವ ದಿನವೇ ಅವರಿಗೂ ಪುಡಿ ಮುಗಿಯತೊಡಗಿತು. ಒಂದು ದಿನ ನಾನೊಬ್ಬನೇ ಇದ್ದಾಗ ಹೇಳಿದರು — "ನಿಮ್ಮಕ್ಕನ್ನ ಒಂದು ಮಾತು ಕೇಳಿ ನೋಡ್ತೀರಾ? ಒಪ್ಪಿದ್ರೆ ಮೊದ್ಲು ಅಜ್ಜಿ ಕಾಲಿಗೆ ಬೀಳ್ಬೇಕು ನಾನು."

ಆ ಕಾಲನ್ನು ನಾನು ಎಲ್ಲಿಂದ ತರಲಿ? ಅಜ್ಜಿ ಇಲ್ಲ ಅಂತ ಇವರಿಗೆ ತಿಳಿದರೆ ಶಂಕರಘಟ್ಟಕ್ಕೆಲ್ಲ ತಿಳಿಯುತ್ತದೆ, ಆಮೇಲೆ ಪುಡಿ — ಹೀಗೆ ಓಡಿತು ನನ್ನ ತಲೆ. ಅವರು ಮತ್ತೆ ಬರುವುದಕ್ಕೆ ಒಂದು ವಾರ ಇತ್ತು. ಆ ವಾರದಲ್ಲಿ ಅಕ್ಕನ ಮನೆಯಲ್ಲಿ ಎರಡು ಸಲ ಉಂಡೆ. ಕೇಳಲಿಲ್ಲ. ಅವರು ಬಂದಾಗ ಹೇಳಿದೆ — "ಅಕ್ಕನಿಗೆ ಇಷ್ಟವಿಲ್ಲ ಅಣ್ಣ."

ಅವರು ತಲೆಯಾಡಿಸಿ, ಪುಡಿ ಇನ್ನು ಮೇಲೆ ಬಸ್ಸಿನಲ್ಲೇ ಕಳಿಸಿಬಿಡಿ ಅಂದರು.

ಸ್ವಲ್ಪ ದಿನದ ಮೇಲೆ ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು, ತಲೆ ಎತ್ತದೆ ಕೇಳಿದಳು. "ಆ ಹೋಟೆಲಿನವರು ಈಚೆಗೆ ಕಾಣಲ್ಲ. ಏನಾದ್ರೂ ಅಂದ್ರಾ?"

"ಇಲ್ವಲ್ಲ" ಅಂದೆ.

ಅವಳು ಹಲ್ಲಿನಲ್ಲಿ ದಾರ ಕಡಿದು, ಮುಂದಿನ ಬ್ಲೌಸ್ ಎತ್ತಿಕೊಂಡಳು.

ಮೊನ್ನೆ ಹೊಸ ಪ್ಯಾಕೆಟ್ಟಿಗೆಂದು ಹೋದಾಗ ಪ್ರೆಸ್ಸಿನವನು ಕೇಳಿದ — "ಅಜ್ಜಿಗೆ ಈಗ ಎಂಬತ್ತೈದು ಮಾಡೋಣ್ವಾ?" ತಮಾಷೆಗೇ ಕೇಳಿದ್ದು. ನನಗೆ ಮಾತ್ರ ಅಕ್ಕನಿಗೆ ಐವತ್ತಾಯಿತು ಅನ್ನುವುದು ಹೊಳೆಯಿತು. ಅಜ್ಜಿಯ ವಯಸ್ಸು ನಮ್ಮ ಕೈಯಲ್ಲಿತ್ತು. ಅಕ್ಕನದು ಅದರಷ್ಟಕ್ಕೇ ಹೋಗಿತ್ತು. ಅಚ್ಚು ಹಾಕಬೇಡ ಎಂದು ಹೇಳಿ ನೇರ ಭದ್ರಾವತಿ ಬಸ್ಸು ಹತ್ತಿದೆ.

ಎಲ್ಲಾ ಹೇಳಿದೆ. ಅಜ್ಜಿಯ ಕಾಲಿನ ಮಾತಿಗೆ ಅಕ್ಕನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಆಮೇಲೆ ಆ ನೀರನ್ನು ಒರೆಸಿಕೊಂಡಳು.

"ನನ್ನನ್ನ ಅಜ್ಜಿ ಮಾಡಿದ್ದು ಹೋಗ್ಲಿ ಮಾರಾಯ" ಅಂದಳು. "ಮೂರು ಸಲ ನಾನೇ ಬೇಡ ಅಂದಿದ್ದೆ. ನಾಲ್ಕನೇ ಸಲ ಬೇಡ ಅನ್ನೋದಿದ್ರೂ ನಾನೇ ಅನ್ಬೇಕಿತ್ತು."

ಬೇಡ ಅನ್ನುತ್ತಿದ್ದಳೋ ಇಲ್ಲವೋ — ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನಾಳೆ ಶಂಕರಘಟ್ಟಕ್ಕೆ ಹೋಗುತ್ತೇನೆ. ಅಜ್ಜಿ ಇಲ್ಲ, ಆ ಮುಖ ಅಕ್ಕನದು, ಅವಳನ್ನು ನಾನು ಕೇಳಲೇ ಇಲ್ಲ — ಇಷ್ಟು ಹೇಳಬೇಕು. ಅವರು ಪುಡಿ ಬಿಡಬಹುದು, ಬೈಯಬಹುದು. ಅವರು ಏನೇ ಅಂದರೂ ಅದನ್ನು ಹಾಗೇ ತಂದು ಅಕ್ಕನಿಗೆ ಒಪ್ಪಿಸಿ, ಉತ್ತರ ಅವಳಿಗೇ ಬಿಟ್ಟು, ನಾನು ಹೊರಗೆ ಜಗಲಿಯ ಮೇಲೆ ಕೂರುತ್ತೇನೆ.