ಜಪಾನಿನವನ ಭುಜಕ್ಕೆ ಭಂಡಾರ
ಶಹಾಪುರ ಬಸ್‌ಸ್ಟ್ಯಾಂಡಿನ ಎದುರು ಚಹಾ ಮಾರುವ ಹೈಯಾಳಪ್ಪನಿಗೆ ಬೇಸ್‌ಬಾಲ್ ಆಟ ಇಂದಿಗೂ ತಿಳಿದಿಲ್ಲ. ತಿಳಿಯುವುದು ಚೆಂಡೆಸೆಯುವವನ ಭುಜ ಮಾತ್ರ. ಜಪಾನಿನ ಹೆಸರಾಂತ ಎಸೆತಗಾರನೊಬ್ಬ ಈ ವರ್ಷ ಅಮೇರಿಕದ ತಂಡ ಸೇರಿದ್ದಾನೆ. ಅಲ್ಲಿನ ರಾತ್ರಿಯಾಟ ಇಲ್ಲಿ ಬೆಳಗಿನ ಮೊದಲ ಚಹಾದ ಹೊತ್ತಿಗೆ ಬರುತ್ತದೆ. ಹೈಯಾಳಪ್ಪ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಬೀರಪ್ಪನ ಗುಡಿಯ ಭಂಡಾರದ ಅರಿಶಿನಪುಡಿಯನ್ನು ಚಿಟಿಕೆಯಲ್ಲಿ ಹಿಡಿದು, ಆ ಹುಡುಗನ ಭುಜ ಕಂಡಾಗಲೆಲ್ಲ ಮೊಬೈಲಿನ ಗಾಜಿಗೆ ಹಚ್ಚುತ್ತಾನೆ. ಸ್ವಲ್ಪ ಹೊತ್ತಿಗೇ ಮೊಬೈಲೆಲ್ಲ ಹಳದಿಯಾಗಿ ಆಟ ಯಾರಿಗೂ ಕಾಣುವುದಿಲ್ಲ. ಚಹಾ ಉಕ್ಕಿ ಒಲೆ ಆರಿದರೂ ಇವನು ಏಳುವುದಿಲ್ಲ. "ಎಷ್ಟು ಕೋಟಿ ಕೊಟ್ಟಾರಂತ?" ಎಂದು ಗಿರಾಕಿಗಳು ಕೇಳಿದರೆ ಉರಿದುಬೀಳುತ್ತಾನೆ: "ಕೋಟಿ ತಗೊಂಡು ಏನ್ ಮಾಡ್ತೀರಿ? ಅವರ ದೇಶದಾಗ ವಾರಕ್ಕೊಮ್ಮೆ ಎಸೀತಿದ್ನಂತ. ಅಮೇರಿಕದಾಗ ಅಷ್ಟು ಬಿಡುವು ಕೊಡಂಗಿಲ್ಲಂತ. ಕೈ ಏನ್ ಮಷಿನ್ ಅದ ಏನ್ರಿ?" ಒಂದು ಕಾಲಕ್ಕೆ ಸುರಪುರ, ಯಾದಗಿರಿಯ ಕ್ರಿಕೆಟ್ ಟೂರ್ನಮೆಂಟುಗಳಿಗೆ ಇವನನ್ನೂ ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ಕುರಿ ಕಾಯುತ್ತ ಕವಣೆ ಬೀಸಿ ಪಳಗಿದ ತೋಳು. ಒಂದೇ ದಿನ ಎರಡು ಮೂರು ಮ್ಯಾಚು ಬೌಲಿಂಗ್ ಮಾಡಿಸಿ, ನೋವೆಂದರೆ ಸೂಜಿ ಮಾಡಿಸಿ ಮತ್ತೆ ಚೆಂಡು ಕೈಗಿಡುತ್ತಿದ್ದರು. ಆ ತೋಳು ಸತ್ತ ಮೇಲೆ ಜೀಪು ಬರಲಿಲ್ಲ. ಈಗ ಚಹಾ ಸೋಸುವುದೂ ಭಂಡಾರ ಹಚ್ಚುವುದೂ ಎಡಗೈ; ಬಲಗೈ ಎದೆಯ ಮೇಲಕ್ಕೆ ಏಳುವುದಿಲ್ಲ. ಹೆಂಡತಿ ಮಾಳಮ್ಮ ಹಾಲಿನ ಕ್ಯಾನು ಇಳಿಸಿ ದಿನಾ ಅವನ ತಲೆಗೆ ರುಮಾಲು ಸುತ್ತುತ್ತಾಳೆ. ಆಗ ಅವಳ ಕೈಕೆಳಗೆ ತಲೆ ಬಗ್ಗಿಸಿ ಕೂತೇ, ಎದುರಿಗಿದ್ದ ಗಿರಾಕಿಯನ್ನು ಮೆಲ್ಲಗೆ ಕೇಳುತ್ತಾನೆ: "ಆ ಹುಡುಗಂಗ ಮದುವಿ ಆಗ್ಯಾದೇನ್ರಿ?"